ದನದ ಕೊಟ್ಟಿಗೆ ಮನೆಯಾಯಿತು: ಸುಣ್ಣದ ಗೌಂಡಿ ಕೆಲಸಕ್ಕೆ ಐದಕ್ಕೆ ನಾಲ್ಕು

ಚಿತ್ತಾಪುರದ ಹತ್ತಿರ ನಮ್ಮ ಊರಲ್ಲಿ ಮಾವನವರ ಕಾಲದ ದನದ ಕೊಟ್ಟಿಗೆ ಇತ್ತು. ಎತ್ತು ಮಾರಿ 14 ವರ್ಷವಾಗಿತ್ತು. ಒಳಗೆ ತೊಗರಿ ಕಟ್ಟಿಗೆ, ಹರಿದ ತಾಡಪತ್ರಿ, ಮುರಿದ ಕೂರಿಗೆ. ಗೋಡೆ ಮಾತ್ರ ಎರಡು ಅಡಿ ದಪ್ಪದ ಶಹಾಬಾದ್ ಕಲ್ಲು. ಕೆಡವಲು ಮನಸ್ಸು ಬರಲಿಲ್ಲ, ಅದನ್ನೇ ಮನೆ ಮಾಡಿಸಿದೆವು.

ಮೊದಲು ಒಬ್ಬ ಗುತ್ತಿಗೆದಾರರನ್ನು ಕರೆಸಿ ಕೈ ಸುಟ್ಟುಕೊಂಡೆವು. ಅವರು ಒಳಗೆಲ್ಲ ಸಿಮೆಂಟ್ ಗಿಲಾವು (ಪ್ಲಾಸ್ಟರ್) ಮಾಡಿಸಿ ಪೇಂಟ್ ಹೊಡೆಸಿದರು. ಒಂದೇ ಮಳೆಗಾಲ. ಮೊಣಕಾಲೆತ್ತರದವರೆಗೆ ಬಿಳಿ ಉಪ್ಪು ಅರಳಿ, ಗಿಲಾವು ಹಪ್ಪಳದ ಹಾಗೆ ಎದ್ದು ಬಂತು. ನಾಲಿಗೆಗೆ ಹಚ್ಚಿ ನೋಡಿದ ಮಗಳು ಥೂ ಅಂದಳು. 42 ಸಾವಿರ ಹೋಯಿತು.

ಆಮೇಲೆ ಸಿಕ್ಕವರು ಪಕ್ಕದ ಊರಿನ ಹಿರಿಯ ಗೌಂಡಿ. ನಾನು ಟೀಚರ್, ಹಾಗಾಗಿ ಅವರಿಗೆ ನಾನು ಅಕ್ಕೋರು, ನನಗೆ ಅವರು ಕಾಕಾ. ಗೋಡೆ ಮೇಲೆ ಅಂಗೈ ಇಟ್ಟು, "ಅಕ್ಕೋರೆ, ಈ ಗ್ವಾಡಿ ಐವತ್ತು ವರ್ಷ ದನದ ಉಚ್ಚಿ ಕುಡದದ. ಸಿಮೆಂಟ್ ಹಾಕಿ ಬಾಯಿ ಮುಚ್ಚಿದ್ರ ಅದು ಎಲ್ಲಿ ಉಗುಳಬೇಕ್ರಿ?" ಅಂದರು.

ಸಿಮೆಂಟ್ ಎಲ್ಲ ಕೆತ್ತಿ ತೆಗೆಸಿದರು. ಗುಂಡಿ ತೋಡಿ ಸುಣ್ಣ ಹದಿನೈದು ದಿನ ನೆನೆಯಲು ಬಿಟ್ಟರು. ಉಸುಕು ಬೆರೆಸಿ ತೆಳ್ಳಗೆ ಬಳಿದು, ಅದು ಉಪ್ಪು ಹೀರಿಕೊಂಡ ಮೇಲೆ ಕೆರೆದು ಬಿಸಾಕಿದರು. ಮತ್ತೆ ಬಳಿದರು, ಮತ್ತೆ ಕೆರೆದರು. ಉಳಿಸಿದ್ದು ಮೂರನೆಯ ಸಲದ್ದು. ದುಡ್ಡು ಕೊಟ್ಟು ಬಳಿಸಿದ್ದನ್ನು ದುಡ್ಡು ಕೊಟ್ಟೇ ಕೆರೆಸುವುದು ಅಂದರೆ ನಮ್ಮ ಮನೆಯವರಿಗೆ ಹೊಟ್ಟೆಯಲ್ಲಿ ಸಂಕಟ. ಈಗ ಎರಡು ಮಳೆಗಾಲ ಕಳೆದಿವೆ, ಗೋಡೆಯಲ್ಲಿ ಉಪ್ಪಿನ ಸುಳಿವಿಲ್ಲ.

ಮಾಳಿಗೆ, ಅಂದರೆ ಮಣ್ಣಿನ ಚಾವಣಿ ಮೇಲೆ ವರ್ಷಾ ವರ್ಷಾ ಮಣ್ಣು ಹಾಕಿ ಒಂದೂವರೆ ಅಡಿ ಆಗಿತ್ತು. ಎಂಟು ಟ್ರಾಲಿ ಇಳಿಸಿದೆವು. ವರಲಿ (ಗೆದ್ದಲು) ತಿಂದ ಎರಡು ಜಂತಿ ಬದಲಾದವು. ಮೇಲೆ ಅರ್ಧ ಅಡಿ ಮಣ್ಣು, ಅದರ ಮೇಲೆ ಗಾರೆ. ಮೇ ತಿಂಗಳ 42 ಡಿಗ್ರಿಯಲ್ಲೂ ಮಧ್ಯಾಹ್ನ ಫ್ಯಾನ್ ಸಾಕು.

ನೆಲಕ್ಕೆ ಫರಶಿ, ಅಂದರೆ ಶಹಾಬಾದ್ ಹಾಸುಗಲ್ಲು. ಟೈಲ್ಸ್ ತೊಳೆಯುವ ಆಸಿಡ್ ಮುಟ್ಟಿಸಲೇಬೇಡಿ ಅಂತ ಕಾಕಾ ಹೇಳಿದ್ದರು. ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ ಅಲ್ವಾ, ನೊರೆ ಬಂದು ಸವೆಯುತ್ತದೆ. ಅಷ್ಟು ಹೇಳಿದ ಮನುಷ್ಯ ಅಡುಗೆಮನೆಯ ಮಟ್ಟ ನೋಡುವುದು ಮರೆತರು. ಹಳೆ ಮೋರಿಯ ಇಳಿಜಾರು ಹಾಗೇ ಉಳಿದಿದೆ, ಕೈಜಾರಿದ ಉಳ್ಳಾಗಡ್ಡಿ ಸೀದಾ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಮೂರು ತಿಂಗಳು ಅಂದಿದ್ದು ಏಳಾಯಿತು. ತೊಗರಿ ರಾಶಿ ಶುರುವಾಯಿತೋ, ಆಳುಗಳೆಲ್ಲ ಗಾಯಬ್. ಫೋನ್ ಮಾಡಿದರೆ "ನಾಳೆ ಬರ್ತಾರ್ರಿ". ಒಂದು ಅಂಕ ಕಡಿಮೆ ಮಾಡಿದ್ದು ಇದಕ್ಕೇ.

ದನಕ್ಕೆ ಮೇವು ಹಾಕುತ್ತಿದ್ದ ಗ್ವಾದಲಿ ಕೆಡವಲಿಲ್ಲ. ಮೇಲೆ ಫರಶಿ ಹಾಸಿ ಕಟ್ಟೆ ಮಾಡಿಕೊಂಡೆವು. ನೆಲ ಒಂದು ಅಡಿ ಅಗೆದು ಗರಸು ಮಣ್ಣು ತುಂಬಿದ್ದರೂ, ಮೊದಲ ಮಳೆಗೆ ಆ ಮೂಲೆಯಲ್ಲಿ ದನದ ವಾಸನೆ ಬರುತ್ತದೆ. ಅದಕ್ಕೂ ಅರ್ಧ ಅಂಕ ಕಳೆಯಬೇಕು ಅಂದೆ, ಅತ್ತೆ ಒಪ್ಪಲಿಲ್ಲ. ಅವರು ಹಾಸಿಗೆ ಹಾಸಿಕೊಳ್ಳುವುದು ಅಲ್ಲೇ.