ಕೆಲಸ ಹೋದಾಗ ಯಾವ ಮನೆ ಬಿಡುವುದು ಸಲೀಸು? ಬೆಂಗಳೂರಿನ ಪಿ.ಜಿ., ಕೋ-ಲಿವಿಂಗ್, ಶೇರಿಂಗ್ ಫ್ಲ್ಯಾಟ್‌ಗಳ ವಿಮರ್ಶೆ

ಬೆಂಗಳೂರಿನಲ್ಲಿ ಕೋಣೆ ನೋಡಲು ಹೋದವರು ವೈಫೈ ಹೇಗಿದೆ ಅಂತ ಕೇಳುತ್ತಾರೆ. ಕಾವೇರಿ ನೀರೋ ಟ್ಯಾಂಕರೋ, ಊಟಕ್ಕೆ ಚಪಾತಿ ಎಷ್ಟು ದಿನ ಅಂತಲೂ ಕೇಳುತ್ತಾರೆ. ನಾಲ್ಕನೇ ತಿಂಗಳಿಗೆ ಕಂಪನಿ ಕೈಬಿಟ್ಟರೆ ಇಲ್ಲಿಂದ ಎಷ್ಟು ದಿನದಲ್ಲಿ, ಎಷ್ಟು ಕಳೆದುಕೊಂಡು ಹೊರಬೀಳಬಹುದು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಈ ವಿಮರ್ಶೆ ಆ ಒಂದು ಪ್ರಶ್ನೆಯದು. ಜಿಮ್ಮು, ಟೆರೇಸು, ಬೀನ್‌ಬ್ಯಾಗಿನ ವರ್ಣನೆ ಜಾಹೀರಾತಿನಲ್ಲೇ ಸಿಗುತ್ತದೆ.

ತೀರ್ಪು ಮೊದಲೇ ಹೇಳುವುದಾದರೆ, ಬಿಡಲು ಅತಿ ಸಲೀಸು ಪಿ.ಜಿ. ಕಂಪನಿಗಳು ಆ್ಯಪ್ ಮೂಲಕ ನಡೆಸುವ ಕೋ-ಲಿವಿಂಗ್‌ನ ಹಣೆಬರಹ ಲಾಕ್-ಇನ್, ಅಂದರೆ ಇಷ್ಟು ತಿಂಗಳು ದಂಡವಿಲ್ಲದೆ ಬಿಡುವಂತಿಲ್ಲ ಅನ್ನುವ ಒಂದೇ ಸಾಲಿನಲ್ಲಿದೆ. ಮೂವರು ಸೇರಿ ಮಾಡಿದ ಫ್ಲ್ಯಾಟ್ ತಿಂಗಳ ಖರ್ಚಿಗೆ ಹಿತ, ಬಿಡುವಾಗ ಅತಿ ದುಬಾರಿ. ಆದರೆ ಹೋದ ಹಣವನ್ನು ಬಹುಪಾಲು ವಾಪಸು ಪಡೆಯಲು ದಾರಿ ಇರುವುದೂ ಅಲ್ಲೇ. ಅದಕ್ಕೇ ಇಲ್ಲಿ ಅದಕ್ಕೆ ಹೆಚ್ಚು ಜಾಗ.

ಒಂದು ತಪ್ಪು ತಿಳಿವಳಿಕೆ ಮೊದಲು ತೆಗೆದುಬಿಡೋಣ. ಕೆಲಸ ಹೋಯಿತು ಎಂದ ಮಾತ್ರಕ್ಕೆ ಅಗ್ರಿಮೆಂಟ್ ಮುರಿದುಬೀಳುವುದಿಲ್ಲ. ಕರಾರು ನೆರವೇರಿಸಲು ಅಸಾಧ್ಯವಾದರೆ ಅದು ರದ್ದು ಎನ್ನುವ 1872ರ ಕರಾರು ಕಾಯ್ದೆಯ 56ನೇ ಕಲಂ ಬಾಡಿಗೆ ಒಪ್ಪಂದಕ್ಕೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ರೆಂಟ್ ಆಕ್ಟ್ ಕಾಪಾಡುತ್ತದೆ ಎಂದೂ ನಂಬಿ ಕೂರಬೇಡಿ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಮುಟ್ಟುವುದೇ ಇಲ್ಲ. ಆ ಬಾಡಿಗೆಗೆ ಇವತ್ತು ಬೈಕ್ ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು. ಹಾಗಾಗಿ ನಿಮ್ಮ ಪಾಲಿಗೆ ಉಳಿಯುವುದು ಸಹಿ ಮಾಡಿದ ಕಾಗದ ಮತ್ತು ಚೌಕಾಸಿ.

ಪಿ.ಜಿ.

ಬಿಡುವ ಸಲೀಸಿಗೆ 5ಕ್ಕೆ 4. ಇಲ್ಲಿ ಅಗ್ರಿಮೆಂಟ್ ಅಂದರೆ ರಶೀದಿಯ ಹಿಂಬದಿಯ ಆರೇಳು ಸಾಲು, ಇಲ್ಲವೇ ಊಟದ ಹಾಲಿನ ಗೋಡೆಗೆ ಅಂಟಿಸಿದ ಲ್ಯಾಮಿನೇಟ್ ಹಾಳೆ. ಅದರಲ್ಲಿ ಎರಡು ಸಾಲು ಓದಿದರೆ ಸಾಕು: ನೋಟಿಸ್ ಎಷ್ಟು ದಿನ, ಅಡ್ವಾನ್ಸಿನಲ್ಲಿ ಮೆಂಟೆನೆನ್ಸ್ ಹೆಸರಿನಲ್ಲಿ ಎಷ್ಟು ಹಿಡಿಯುತ್ತಾರೆ. ಸಾಮಾನ್ಯವಾಗಿ 15ರಿಂದ 30 ದಿನದ ನೋಟಿಸ್, ಹಿಡಿಯುವುದು ಒಂದರಿಂದ ಮೂರು ಸಾವಿರ.

ಎಡವುವುದು ತಾರೀಕಿನಲ್ಲಿ. ಬಹಳಷ್ಟು ಕಡೆ ತಿಂಗಳ 1ರಿಂದ 5ರೊಳಗೆ ಹೇಳಿದರೆ ಮಾತ್ರ ಆ ತಿಂಗಳ ಲೆಕ್ಕಕ್ಕೆ ಸೇರುತ್ತದೆ. ಏಳಕ್ಕೆ ಹೇಳಿದರೆ ಮುಂದಿನ ತಿಂಗಳದ್ದೂ ಕಟ್ಟಬೇಕು. ಕೆಲಸ ಹೋದ ಸುದ್ದಿ ಬಂದ ದಿನ ಮನಸ್ಸು ಎಲ್ಲೋ ಇರುತ್ತದೆ, ಆದರೂ ಅವತ್ತೇ ಕ್ಯಾಲೆಂಡರ್ ನೋಡಿ. ಮೇಲ್ವಿಚಾರಕರಿಗೆ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಆ ಕೆಲಸದಲ್ಲಿ ಜನ ಬದಲಾಗುತ್ತಲೇ ಇರುತ್ತಾರೆ. ‘ಅಣ್ಣಾ, ರೂಮ್ 304, ಬೆಡ್ ಬಿ. ಈ ತಿಂಗಳ 30ಕ್ಕೆ ಖಾಲಿ ಮಾಡ್ತೀನಿ. ಕೊನೇ ತಿಂಗಳ ಬಾಡಿಗೆ ಅಡ್ವಾನ್ಸಲ್ಲಿ ಹಿಡ್ಕೊಳ್ಳಿ’ ಎಂದು ಮಾಲೀಕರ ವಾಟ್ಸ್ಆ್ಯಪ್‌ಗೆ ಹಾಕಿ, ಅವರಿಂದ ಒಂದು ‘ಓಕೆ’ ಪಡೆಯಿರಿ. ಈ ಕೊನೆಯ ವಾಕ್ಯಕ್ಕೆ ಬೆಲೆ ಹೆಚ್ಚು. ಕೊಟ್ಟ ಮೇಲೆ ವಾಪಸು ಕೇಳುವುದಕ್ಕಿಂತ ಕೊಡದೇ ವಜಾ ಮಾಡಿಸಿಕೊಳ್ಳುವುದು ಹತ್ತು ಪಾಲು ಸುಲಭ. ಸೇರುವಾಗ ಮೂಲ ಮಾರ್ಕ್ಸ್ ಕಾರ್ಡ್ ಕೇಳುವ ಪಿ.ಜಿ.ಗೆ ಮಾತ್ರ ಕಾಲಿಡಬೇಡಿ, ಜೆರಾಕ್ಸ್ ಸಾಕು.

ಕೋ-ಲಿವಿಂಗ್

ಸೇರುವಾಗ ಎಲ್ಲವೂ ಆ್ಯಪ್‌ನಲ್ಲಿ ಹತ್ತು ನಿಮಿಷ. ಒಟಿಪಿ ಹಾಕಿದರೆ ಇ-ಸಹಿ, ಹದಿನೈದಿಪ್ಪತ್ತು ಪುಟದ ಕರಾರು ಮೇಲ್‌ಗೆ ಬರುತ್ತದೆ, ಯಾರೂ ತೆರೆಯುವುದಿಲ್ಲ. ಅದರಲ್ಲಿ ಹುಡುಕಬೇಕಾದ ಪದಗಳು ಮೂರು: ಲಾಕ್-ಇನ್, ನೋಟಿಸ್, ಎಕ್ಸಿಟ್ ಚಾರ್ಜ್. ಲಾಕ್-ಇನ್ ಮೂರು, ಆರು ಅಥವಾ ಹನ್ನೊಂದು ತಿಂಗಳು. ಹೆಚ್ಚು ಅವಧಿಗೆ ಬಾಡಿಗೆ ಕಡಿಮೆ ಎಂಬ ಆಮಿಷ ಇದ್ದೇ ಇರುತ್ತದೆ. ಮಧ್ಯದಲ್ಲಿ ಬಿಟ್ಟರೆ ಕೆಲವರು ಆ ರಿಯಾಯಿತಿಯನ್ನೂ ಮೊದಲ ತಿಂಗಳಿಂದ ಲೆಕ್ಕ ಹಾಕಿ ಕತ್ತರಿಸುತ್ತಾರೆ. ತಿಂಗಳಿಗೆ 1,500 ಉಳಿಸಲು ಹನ್ನೊಂದು ತಿಂಗಳಿಗೆ ಸಹಿ ಹಾಕಿದವರು ನಾಲ್ಕನೇ ತಿಂಗಳು ಬಿಟ್ಟರೆ 6,000 ಅಲ್ಲೇ ಹೋಯಿತು, ದಂಡ ಬೇರೆ. ಪ್ರೊಬೇಷನ್‌ನಲ್ಲಿರುವವರು ದುಬಾರಿಯಾದರೂ ಮೂರು ತಿಂಗಳದ್ದನ್ನೇ ಆರಿಸಬೇಕು.

ಕಸ್ಟಮರ್ ಕೇರ್‌ನವರು ಕೆಲಸ ಹೋದವರಿಗೆ ಮೊದಲು ಕೊಡುವ ಸಲಹೆ, ‘ಇನ್ನೊಂದು ಬಿಲ್ಡಿಂಗ್‌ಗೆ ಶಿಫ್ಟ್ ಆಗಿ ಸರ್, ಕಡಿಮೆ ಬಾಡಿಗೆಯದ್ದು.’ ಕೇಳಲು ಚೆನ್ನಾಗಿದೆ. ಅಲ್ಲಿ ಲಾಕ್-ಇನ್ ಮುಂದುವರಿಯುತ್ತದೋ, ಹೊಸದಾಗಿ ಶುರುವಾಗುತ್ತದೋ ಎಂದು ಮೇಲ್‌ನಲ್ಲಿ ಕೇಳದೆ ಒಪ್ಪಬೇಡಿ. ಬದಲಿ ವ್ಯಕ್ತಿಯನ್ನು ತಂದರೆ ಲಾಕ್-ಇನ್ ಬಿಡುವುದುಂಟೇ ಎಂಬುದನ್ನೂ ಅದೇ ಮೇಲ್‌ನಲ್ಲಿ ಕೇಳಿ, ರಿಲೀವಿಂಗ್ ಲೆಟರ್ ಲಗತ್ತಿಸಿ. ಹಕ್ಕಿನಿಂದ ಸಿಗುವ ವಿನಾಯಿತಿ ಅದಲ್ಲ, ಆದರೆ ಕೇಳಿದವರಿಗೆ ದಂಡ ಇಳಿಯುವುದುಂಟು.

ಖಾಲಿ ಮಾಡುವ ದಿನ ನಿಜವಾದ ಪರೀಕ್ಷೆ. ಸೇರಿದ ದಿನದ ಇನ್ವೆಂಟರಿ ಪಟ್ಟಿಯಲ್ಲಿ ಎಲ್ಲ ಸಾಮಾನಿನ ಮುಂದೆಯೂ ‘ಗುಡ್’ ಎಂದು ಮೊದಲೇ ಟಿಕ್ ಆಗಿರುತ್ತದೆ. ಹಾಸಿಗೆಯ ಕಲೆ, ವಾರ್ಡ್‌ರೋಬಿನ ಸಡಿಲ ಹಿಂಜ್, ಬಿರುಕು ಬಿಟ್ಟ ಕಮೋಡ್ ಸೀಟು ಎಲ್ಲವೂ ಆಮೇಲೆ ನಿಮ್ಮ ತಲೆಗೆ. ಆದ್ದರಿಂದ ಸೇರಿದ ದಿನವೂ ಬಿಡುವ ದಿನವೂ ಒಂದೇ ಓಟದ ವಿಡಿಯೊ ಮಾಡಿ: ಬಾಗಿಲಿನಿಂದ ಶುರು, ಹಾಸಿಗೆಯನ್ನು ಎತ್ತಿ ಎರಡೂ ಬದಿ, ಎಸಿ ರಿಮೋಟ್ ಒತ್ತಿ ತೋರಿಸಿ, ಗೀಸರ್ ಸ್ವಿಚ್, ಬಚ್ಚಲ ನಲ್ಲಿ, ಕೊನೆಗೆ ಸಬ್-ಮೀಟರಿನ ಅಂಕಿ ಓದುವಷ್ಟು ಹತ್ತಿರದಿಂದ. ವಿದ್ಯುತ್ತಿನ ಲೆಕ್ಕದಲ್ಲಿ ಜಗಳ ಬರುವುದು ಆ ಅಂಕಿಯ ಮೇಲೆಯೇ.

ಕೋ-ಲಿವಿಂಗ್ ಮತ್ತು ಪಿ.ಜಿ.ಗಳ ಪರವಾಗಿ ಒಂದು ಮಾತು ಹೇಳಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಸೇವೆ’ಯ ವ್ಯಾಖ್ಯೆಯಲ್ಲಿ ಊಟ-ವಸತಿ ಹೆಸರು ಹಿಡಿದೇ ಸೇರಿದೆ. ಹೇಳಿದ ಅವಧಿಯಲ್ಲಿ ಅಡ್ವಾನ್ಸ್ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಬರೀ ಮನೆ ಬಾಡಿಗೆಗೆ ಕೊಟ್ಟ ಮಾಲೀಕರ ಮೇಲೆ ಈ ದಾರಿ ಸುಲಭವಾಗಿ ತೆರೆಯುವುದಿಲ್ಲ, ಅಲ್ಲಿ ವಕೀಲರ ನೋಟಿಸ್, ಸಿವಿಲ್ ದಾವೆ. ಲಾಕ್-ಇನ್ ಮೂರು ತಿಂಗಳಾದರೆ 5ಕ್ಕೆ 3, ಹನ್ನೊಂದಾದರೆ 1.

ಶೇರಿಂಗ್ ಫ್ಲ್ಯಾಟ್

ಇಲ್ಲಿ ಅಂಕ ಕೊಡುವ ಮೊದಲು ಅಗ್ರಿಮೆಂಟಿನ ಕೊನೆಯ ಪುಟ ತಿರುಗಿಸಿ, ಯಾರ ಯಾರ ಸಹಿ ಇದೆ ನೋಡಿ. ಒಬ್ಬರೇ ಸಹಿ ಹಾಕಿ ಉಳಿದವರು ಅವರಿಗೆ ಹಣ ಕೊಡುತ್ತಿದ್ದರೆ, ಸಹಿ ಇಲ್ಲದವರು ಸಲೀಸಾಗಿ ಹೋಗಬಹುದು, ಆದರೆ ಅವರ ಅಡ್ವಾನ್ಸ್ ಪಾಲು ಪೂರ್ತಿ ಗೆಳೆಯನ ಮರ್ಜಿ. ಮೂವರದೂ ಸಹಿ ಇದ್ದರೆ ಕರಾರು ಕಾಯ್ದೆಯ 43ನೇ ಕಲಂ ಪ್ರಕಾರ, ಅಗ್ರಿಮೆಂಟಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಮಾಲೀಕರು ಪೂರ್ತಿ ಬಾಡಿಗೆಯನ್ನು ಮೂವರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ‘ನೋಡಪ್ಪಾ, ನಿಮ್ಮ ಮೂರು ಜನರ ಲೆಕ್ಕ ನಂಗೆ ಬೇಡ, ನಂಗೆ ತಿಂಗಳಿಗೆ ನಲವತ್ತೆಂಟು ಸಾವಿರ ಬರಬೇಕು’ ಎನ್ನುವ ಮಾಲೀಕರು ಒರಟಾಗಿ ಕಂಡರೂ ಹೇಳುತ್ತಿರುವುದು ಕಾನೂನನ್ನೇ.

ಒಂದು ಲೆಕ್ಕ ಇಟ್ಟುಕೊಳ್ಳೋಣ. ಮೂರು ಕೋಣೆಯ ಫ್ಲ್ಯಾಟ್, ಬಾಡಿಗೆ 48,000, ಅಡ್ವಾನ್ಸ್ ಐದು ತಿಂಗಳದ್ದು 2,40,000. ಒಬ್ಬೊಬ್ಬರಿಗೆ ಬಾಡಿಗೆ 16,000, ಅಡ್ವಾನ್ಸ್ 80,000. ನೋಟಿಸ್ ಎರಡು ತಿಂಗಳು, ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ. ನಾಲ್ಕು ತಿಂಗಳು ಇದ್ದು ಒಬ್ಬರು ಹೊರಟರೆ, ಬದಲಿ ಇಲ್ಲದಿದ್ದಲ್ಲಿ ನೋಟಿಸ್ ಅವಧಿಯ 32,000 ಹೋಯಿತು. ಪೇಂಟಿಂಗ್ ಪಾಲು 16,000 ಹೋಯಿತು. ಉಳಿದ 32,000 ಕೂಡ ಮಿಕ್ಕವರು ಮನೆ ಬಿಡುವವರೆಗೆ ಮಾಲೀಕರ ಹತ್ತಿರವೇ. ಕೆಲಸ ಇಲ್ಲದವರಿಗೆ ನಷ್ಟಕ್ಕಿಂತ ಹೆಚ್ಚು ಹೊಡೆತ ಕೊಡುವುದು ಹೀಗೆ ಹಣ ಸಿಕ್ಕಿಕೊಳ್ಳುವುದು.

ಬದಲಿಯವರು ಸಿಕ್ಕರೆ ಚಿತ್ರವೇ ಬೇರೆ. ಬಂದವರು 80,000ವನ್ನು ನೇರವಾಗಿ ಹೊರಡುವವರ ಖಾತೆಗೆ ಹಾಕುತ್ತಾರೆ, ಮಾಲೀಕರ ಹಣ ಅಲುಗುವುದಿಲ್ಲ. ಜಗಳ ಬರುವುದು ಪೇಂಟಿಂಗ್‌ನಲ್ಲಿ: ‘ನೀನು ಕೊಳೆ ಮಾಡಿದ ಗೋಡೆಗೆ ನಾನ್ಯಾಕೆ ಕೊಡಲಿ ಮಗಾ?’ ನ್ಯಾಯವಾದ ಪ್ರಶ್ನೆ. ಅವಧಿಗೆ ತಕ್ಕಂತೆ ಹಂಚಿಕೊಳ್ಳುವುದು ಸರಿ. ಅಗ್ರಿಮೆಂಟ್ 11 ತಿಂಗಳು, ಇದ್ದದ್ದು 4 ತಿಂಗಳು, ಪಾಲು 16,000. ಅಂದರೆ 16,000ದ ಹನ್ನೊಂದರಲ್ಲಿ ನಾಲ್ಕು ಭಾಗ, ಸುಮಾರು 5,800. ಬಂದವರು 74,200 ಕೊಟ್ಟರೆ ಲೆಕ್ಕ ಚುಕ್ತಾ. ಪೂರ್ತಿ ಪಾಲು ಹಿಡಿದುಕೊಳ್ಳಲು ಬಿಡಬೇಡಿ, ಒಂದು ಪೈಸೆಯೂ ಕೊಡುವುದಿಲ್ಲ ಎಂದೂ ಹಟ ಹಿಡಿಯಬೇಡಿ.

ಬದಲಿ ಹುಡುಕುವ ಕೆಲಸವನ್ನು ನೋಟಿಸ್ ಕೊಟ್ಟ ದಿನವೇ ಶುರು ಮಾಡಿ. ಆಫೀಸಿನ ಹಳೆಯ ಗ್ರೂಪು, ಫೇಸ್‌ಬುಕ್ಕಿನ ಫ್ಲ್ಯಾಟ್‌ಮೇಟ್ ಗ್ರೂಪುಗಳು, ಅಪಾರ್ಟ್‌ಮೆಂಟಿನ ಒಳ ಗ್ರೂಪು, ಈ ಕ್ರಮದಲ್ಲಿ ಹೋಗಬಹುದು. ಬ್ರೋಕರ್ ಹತ್ತಿರ ಕೊನೆಗೆ, ಅವರಿಗೆ ಒಂದು ಕೋಣೆಯ ವ್ಯವಹಾರದಲ್ಲಿ ಆಸಕ್ತಿ ಕಡಿಮೆ. ‘ಸ್ಪೇಷಿಯಸ್ ರೂಮ್, ಗುಡ್ ವೈಬ್ಸ್’ ಎಂದು ಬರೆದರೆ ಐವತ್ತು ಜನ ‘ಡೀಟೇಲ್ಸ್?’ ಎಂದು ಕೇಳಿ ಮಾಯವಾಗುತ್ತಾರೆ. ಬಾಡಿಗೆ, ಮೆಂಟೆನೆನ್ಸ್, ಅಡುಗೆಯವರು, ಕೆಲಸದವರು, ಇಂಟರ್ನೆಟ್ ಎಲ್ಲ ಸೇರಿ ತಿಂಗಳಿಗೆ ನಿಜವಾಗಿ ಎಷ್ಟು ಬೀಳುತ್ತದೆ, ಲಾಕ್-ಇನ್ ಎಷ್ಟು ಬಾಕಿ, ಬಚ್ಚಲು ಅಟ್ಯಾಚ್ಡ್ ಹೌದೋ ಅಲ್ಲವೋ, ಅಡುಗೆಮನೆಯಲ್ಲಿ ಮೊಟ್ಟೆ-ಮಾಂಸ ನಡೆಯುತ್ತದೋ, ಎಷ್ಟನೇ ತಾರೀಕಿಗೆ ಖಾಲಿ ಎಂದು ಬರೆಯಿರಿ. ಹಗಲಿನಲ್ಲಿ ತೆಗೆದ ನಾಲ್ಕು ಫೋಟೊ ಹಾಕಿ. ಆಷಾಢದಲ್ಲಿ ಮನೆ ಬದಲಿಸಲು ಸಂಸಾರಸ್ಥರು ಹಿಂಜರಿಯುತ್ತಾರೆ, ಕಾಲೇಜು ಮುಗಿಸಿ ಕೆಲಸಕ್ಕೆ ಸೇರಲು ಬಂದ ಹುಡುಗ ಹುಡುಗಿಯರಿಗೆ ಆ ಲೆಕ್ಕವಿಲ್ಲ. ಶೇರಿಂಗ್ ಕೋಣೆಗೆ ಜೂನ್-ಜುಲೈ ಒಳ್ಳೆಯ ಕಾಲವೇ.

ಈ ಪೋಸ್ಟ್ ನೋಡಿ ವಂಚಕರೂ ಬರುತ್ತಾರೆ. ಟೋಕನ್ ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎನ್ನುವವರು ಕೋಣೆ ನೋಡದೆಯೇ ಒಪ್ಪಿರುತ್ತಾರೆ, ಹಲವು ಸಲ ‘ಆರ್ಮಿ ಆಫೀಸರ್’ ಕೂಡ ಆಗಿರುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಪಿನ್ ಹಾಕಿದರೆ ಹೋಗುವುದು ನಿಮ್ಮದೇ ಹಣ. ಹೋಯಿತೆಂದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬದಲಿ ಸಿಕ್ಕಿತು, ಹಣ ಬಂತು ಎಂದು ಚೀಲ ಎತ್ತಿಕೊಂಡು ಹೊರಡುವವರೇ ಹೆಚ್ಚು. ಎಲ್ಲಕ್ಕಿಂತ ದೊಡ್ಡ ತಪ್ಪು ಅದೇ, ಅಗ್ರಿಮೆಂಟಿನಲ್ಲಿ ನಿಮ್ಮ ಹೆಸರು ಇನ್ನೂ ಇದೆ. ಆರು ತಿಂಗಳ ಮೇಲೆ ಉಳಿದವರು ಬಾಡಿಗೆ ಬಾಕಿ ಇಟ್ಟರೆ ಮಾಲೀಕರು ನಿಮಗೂ ಫೋನ್ ಮಾಡಬಹುದು. ಒಂದು ಪುಟದ ತಿದ್ದುಪಡಿ ಪತ್ರ ಬೇಕು. ಅದರಲ್ಲಿ ಇರಬೇಕಾದ್ದು ಇಷ್ಟು: ಮೂಲ ಅಗ್ರಿಮೆಂಟಿನ ತಾರೀಕು, ಹೊರಡುವವರ ಮತ್ತು ಬರುವವರ ಹೆಸರು, ಯಾವ ದಿನದಿಂದ ಬದಲಾವಣೆ, ಅಡ್ವಾನ್ಸಿನ ಪಾಲು ಯಾರಿಂದ ಯಾರಿಗೆ ಸಂದಿದೆ, ಹೊರಟವರ ಮೇಲೆ ಮುಂದೆ ಯಾವ ಬಾಧ್ಯತೆಯೂ ಇಲ್ಲ ಎಂಬ ವಾಕ್ಯ. ಮಾಲೀಕರೂ ಸೇರಿ ಎಲ್ಲರ ಸಹಿ. ಮಾಲೀಕರು ಅಮೆರಿಕದಲ್ಲಿದ್ದರೆ ಇದೇ ಒಕ್ಕಣೆಯನ್ನು ಮೇಲ್ ಮಾಡಿ ‘ಒಪ್ಪಿದ್ದೇನೆ’ ಎಂಬ ಉತ್ತರ ತರಿಸಿಕೊಳ್ಳಿ, ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಮಾಲೀಕರು ಲಾಕ್-ಇನ್ ಹಿಡಿದು ಕೂತರೆ ಎರಡು ವಾದ ಕೈಯಲ್ಲಿರಲಿ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ದಂಡ ಗರಿಷ್ಠ ಮಿತಿ ಅಷ್ಟೇ, ಸಿಗುವುದು ಅದರೊಳಗಿನ ನ್ಯಾಯಯುತ ಪರಿಹಾರ. ಹತ್ತು ದಿನದಲ್ಲಿ ಕೋಣೆ ತುಂಬಿದ ಮೇಲೆ ಆರು ತಿಂಗಳ ಬಾಡಿಗೆ ಕೇಳುವುದು ನಿಲ್ಲುವುದು ಕಷ್ಟ. ಎರಡನೆಯದು, 11 ತಿಂಗಳು ಮುಗಿದು ಹೊಸ ಅಗ್ರಿಮೆಂಟ್ ಆಗದೆ ಹಾಗೇ ಬಾಡಿಗೆ ನಡೆಯುತ್ತಿದ್ದರೆ ಅದು ತಿಂಗಳಿಂದ ತಿಂಗಳಿನ ಬಾಡಿಗೆ. ವ್ಯತಿರಿಕ್ತ ಕರಾರು ಇಲ್ಲದಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಸಾಕು. ಅಡ್ವಾನ್ಸ್ ಅವರ ಕೈಯಲ್ಲಿರುವವರೆಗೆ ಈ ಕಲಂಗಳನ್ನು ದನಿ ಏರಿಸದೆ ಹೇಳುವುದೇ ಜಾಣತನ.

ಬದಲಿಯವರು ಸಿಕ್ಕರೆ 5ಕ್ಕೆ 4, ಸಿಗದಿದ್ದರೆ 1.

ಕೊನೆಯ ದಿನದ ಚಿಲ್ಲರೆ ಕೆಲಸಗಳು: ಇಂಟರ್ನೆಟ್ ನಿಮ್ಮ ಹೆಸರಿನಲ್ಲಿದ್ದರೆ ವರ್ಗಾಯಿಸಿ, ಇಲ್ಲದಿದ್ದರೆ ರೂಟರ್ ವಾಪಸು ಕೊಡದ ಬಿಲ್ಲು ಬೆನ್ನು ಹತ್ತುತ್ತದೆ. ಬಾಡಿಗೆ ಫ್ರಿಜ್ಜು, ವಾಷಿಂಗ್ ಮೆಷಿನ್ನಿಗೂ ಅದರದೇ ಲಾಕ್-ಇನ್ ಇರುತ್ತದೆ, ಮುಚ್ಚುವುದಕ್ಕಿಂತ ಉಳಿದವರ ಹೆಸರಿಗೆ ಬದಲಿಸುವುದು ಅಗ್ಗ. ಉಚಿತ ವಿದ್ಯುತ್ತಿನ ಗೃಹಜ್ಯೋತಿಗೆ ಆ ಮನೆಯ ಆರ್‌ಆರ್ ಸಂಖ್ಯೆಯೊಂದಿಗೆ (ಬಿಲ್ಲಿನ ಮೇಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಜೋಡಿಸಿದ್ದರೆ ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಮಾಡಿ. ಇಲ್ಲದಿದ್ದರೆ ಮುಂದಿನ ಮನೆಯಲ್ಲಿ ಅರ್ಜಿ ಹಾಕುವಾಗ ಅದು ಅಡ್ಡ ಬರುತ್ತದೆ. ಅಪಾರ್ಟ್‌ಮೆಂಟ್ ದೊಡ್ಡದಾದರೆ ಅಸೋಸಿಯೇಷನ್ನಿನ ಮೂವ್-ಔಟ್ ಅನುಮತಿ ಎರಡು ದಿನ ಮೊದಲೇ ಮಾಲೀಕರಿಂದ ಹಾಕಿಸಿ. ಟೆಂಪೊ ತುಂಬಿ ಗೇಟಿನ ಹತ್ತಿರ ಬಂದ ಮೇಲೆ ಸೆಕ್ಯುರಿಟಿಯವರು ‘ಓನರ್ ಅಪ್ರೂವಲ್ ಇಲ್ಲ ಸಾರ್’ ಎಂದರೆ ಟೆಂಪೊದವರ ವೇಟಿಂಗ್ ಚಾರ್ಜ್ ನಿಮ್ಮದೇ.