ಕೋಶ ವಿಭಜನೆಯ ಸ್ಲೈಡ್ ಪೆಟ್ಟಿಗೆ: ಮಿಡತೆಗೆ ಕೊಟ್ಟ ಕಾಸು ಸಾರ್ಥಕ, ಕಾರ್ಡಿಗೆ ಕೊಟ್ಟದ್ದು ದಂಡ

ಗೋಣಿಕೊಪ್ಪಲು ಕಡೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು ನಾನು. ಲ್ಯಾಬಿಗೆಂದು ಆನ್‌ಲೈನ್‌ನಲ್ಲಿ ತರಿಸಿದ ‘ಕೋಶ ವಿಭಜನೆ: ಸಹಜ ಮತ್ತು ಅಸಹಜ’ ಎಂಬ ಪೆಟ್ಟಿಗೆಯ ಬಗ್ಗೆ ಈ ವಿಮರ್ಶೆ. ಐದಕ್ಕೆ ಮೂರು ಸ್ಟಾರ್. ಸಹಜದ ಭಾಗಕ್ಕೆ ನಾಲ್ಕೂವರೆ, ಅಸಹಜದ ಭಾಗಕ್ಕೆ ಒಂದೂವರೆ. ಕೂಡಿಸಿ ಭಾಗಿಸಿದರೆ ಅಷ್ಟೇ ಬರುವುದು.

ಒಳಗಿರುವುದು 20 ಸ್ಲೈಡ್, 6 ಕ್ಯಾರಿಯೋಟೈಪ್ ಕಾರ್ಡ್ (ಒಂದು ಕೋಶದ ಕ್ರೋಮೋಸೋಮುಗಳನ್ನು, ಅಂದರೆ ಆನುವಂಶಿಕ ಮಾಹಿತಿ ಹೊತ್ತ ಎಳೆಗಳನ್ನು, ಜೋಡಿಜೋಡಿಯಾಗಿ ಸಾಲಾಗಿಟ್ಟ ಚಿತ್ರ), ಒಂದು ತೆಳ್ಳನೆಯ ಕೈಪಿಡಿ. ಬೆಲೆ ಎರಡೂವರೆ ಸಾವಿರದ ಆಸುಪಾಸು. ಕೈಪಿಡಿ ಪಠ್ಯಪುಸ್ತಕದ ಸಾಲುಗಳನ್ನೇ ಹಿಂದುಮುಂದು ಮಾಡಿದ್ದು, ಅದರ ಸುದ್ದಿ ಬಿಡಿ.

ಮೊದಲು ಮಿಡತೆ. ಗಂಡು ಮಿಡತೆಯ ವೃಷಣದ ಸ್ಲೈಡುಗಳು ನಾಲ್ಕಿವೆ, ನಾಲ್ಕೂ ಅಪ್ಪಟ. ಮಿಯಾಸಿಸ್ (ವೀರ್ಯಾಣು, ಅಂಡ ಹುಟ್ಟುವಾಗ ಕ್ರೋಮೋಸೋಮುಗಳ ಸಂಖ್ಯೆ ಅರ್ಧವಾಗುವ ವಿಭಜನೆ) ಎಂದರೆ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದದ್ದು ಎಂದೇ ನಂಬಿದ್ದ ಮಕ್ಕಳು ಇಲ್ಲಿ ಅದರ ಡಯಾಕೈನೆಸಿಸ್ ಎಂಬ ಹಂತವನ್ನು ಕಣ್ಣಾರೆ ಕಂಡರು. ಜೋಡಿ ಕ್ರೋಮೋಸೋಮುಗಳು ಒಂದನ್ನೊಂದು ತೆಕ್ಕೆ ಹಿಡಿದಿವೆ. ಕೆಲವು ಉಂಗುರದ ಆಕಾರ, ಕೆಲವು ಕತ್ತರಿಯ ಆಕಾರ. ಹೆಣೆದುಕೊಂಡ ಆ ಜಾಗವೇ ಕಯಾಸ್ಮಾ, ತಾಯಿ ಕಡೆಯ ತುಂಡು ತಂದೆ ಕಡೆಯದರೊಂದಿಗೆ ಅದಲುಬದಲಾದ ಗುರುತು. ಲಿಂಗದ ಕ್ರೋಮೋಸೋಮುಗಳಲ್ಲಿ ಗಂಡು ಮಿಡತೆಗೆ ಇರುವುದು ಒಂದೇ ಎಕ್ಸ್, ವೈ ಇಲ್ಲವೇ ಇಲ್ಲ. ಆ ಒಂಟಿ ಎಕ್ಸ್ ಮುಂದಿನ ಸ್ಲೈಡಿನಲ್ಲಿ ಕೋಶದ ಒಂದು ಧ್ರುವದ ಕಡೆಗೆ ಹೊರಟಿರುವುದು ಕಾಣುತ್ತದೆ. ಅರ್ಧ ವೀರ್ಯಾಣುಗಳಿಗೆ ಎಕ್ಸ್, ಉಳಿದರ್ಧಕ್ಕೆ ಇಲ್ಲ ಎನ್ನುವುದನ್ನು ಆಮೇಲೆ ನಾನು ಹೇಳಬೇಕಾಗಲಿಲ್ಲ, ಹಿಂದಿನ ಬೆಂಚಿನವನೇ ಹೇಳಿದ. ಲಿಲ್ಲಿ ಹೂವಿನ ಪರಾಗಕೋಶದ ಸ್ಲೈಡುಗಳೂ ಚೆನ್ನಾಗಿವೆ.

ಈರುಳ್ಳಿ ಬೇರಿನ ತುದಿಯ ಸ್ಲೈಡುಗಳಿಗಾಗಿ ಮಾತ್ರ ಇದನ್ನು ಕೊಳ್ಳಬೇಡಿ. ಗೋಣಿಕೊಪ್ಪಲು ಸಂತೆಯ ಈರುಳ್ಳಿಯನ್ನು ನೀರಿನ ಲೋಟದ ಮೇಲೆ ಕೂರಿಸಿ, ಬೇರು ಬಂದ ಮೇಲೆ ಬೆಳಿಗ್ಗೆ ತುದಿ ಕತ್ತರಿಸಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ ಹೆಬ್ಬೆರಳಲ್ಲಿ ಒತ್ತಿದರೆ 16 ಕ್ರೋಮೋಸೋಮುಗಳ ಮೈಟಾಸಿಸ್ (ಸಂಖ್ಯೆ ಬದಲಾಗದ ಸಾಮಾನ್ಯ ವಿಭಜನೆ) ಅಲ್ಲೇ ಸಿಗುತ್ತದೆ. ಅಷ್ಟು ಮಾಡಲು ಸೋಮಾರಿತನವಾದರೆ ಪೆಟ್ಟಿಗೆಯ ಸ್ಲೈಡು ಇದ್ದೇ ಇದೆ.

ಇನ್ನು ಕಾರ್ಡುಗಳು. ಡೌನ್ ಸಿಂಡ್ರೋಮ್ (ಸಾಮಾನ್ಯ 46ರ ಮೇಲೆ 21ನೆಯ ಕ್ರೋಮೋಸೋಮು ಒಂದು ಹೆಚ್ಚಾಗಿ ಬರುವ ಹುಟ್ಟಿನ ಸ್ಥಿತಿ) ಕಾರ್ಡಿನಲ್ಲಿ 21ನೆಯ ಜಾಗದಲ್ಲಿ ಮೂರು ಕ್ರೋಮೋಸೋಮುಗಳಿವೆ, ಸರಿ. ಆದರೆ ವಿದ್ಯಾರ್ಥಿನಿಯೊಬ್ಬಳು ಎಲ್ಲವನ್ನೂ ಎಣಿಸಿ, “ಮಿಸ್, ಒಟ್ಟು 46 ಅಷ್ಟೇ ಬರ್ತಿದೆ, 47 ಅಲ್ವಾ ಇರಬೇಕು?” ಅಂದಳು. ಡೌನ್ ಸಿಂಡ್ರೋಮಿನಲ್ಲೂ 46 ಬರುವ ಒಂದು ಬಗೆ ಇದೆ. ನೂರರಲ್ಲಿ ಮೂರು ನಾಲ್ಕು ಮಂದಿಯಲ್ಲಿ ಹೆಚ್ಚುವರಿ 21 ಬಿಡಿಯಾಗಿರದೆ 14ನೆಯದರಂಥ ಇನ್ನೊಂದು ಕ್ರೋಮೋಸೋಮಿಗೆ ಅಂಟಿಕೊಂಡಿರುತ್ತದೆ. ಅದೇ ಇರಬಹುದೇನೋ ಎಂದು ಭೂತಗನ್ನಡಿ ಹಿಡಿದು ನೋಡಿದೆ. ಅಲ್ಲ. 17ನೆಯ ಜೋಡಿಯಲ್ಲಿ ಒಂದು ಮುದ್ರಣದಲ್ಲೇ ಬಿಟ್ಟುಹೋಗಿದೆ! ಕಾರ್ಡಿನ ಹಿಂದೆ ಬರೆದ ವಿವರಣೆಯಲ್ಲಿ ಅಂಟಿಕೊಳ್ಳುವ ಬಗೆಯ ಮಾತೇ ಇಲ್ಲ. ಮನೆಯವರಿಗೆ ಮುಖ್ಯವಾದ್ದು ಅದೇ: ಆ ಬಗೆಯಾದರೆ ತಂದೆ ತಾಯಿಯ ಕ್ಯಾರಿಯೋಟೈಪನ್ನೂ ನೋಡಬೇಕಾಗುತ್ತದೆ, ಮುಂದಿನ ಮಗುವಿನ ಲೆಕ್ಕ ಬೇರೆಯಾಗುತ್ತದೆ.

ನನ್ನ ದೊಡ್ಡ ತಕರಾರು ಮುದ್ರಣದ್ದಲ್ಲ. ಆರು ಕಾರ್ಡುಗಳೂ ತಪ್ಪಿನ ಫಲವನ್ನು ತೋರಿಸುತ್ತವೆ, ತಪ್ಪು ನಡೆದ ಗಳಿಗೆಯನ್ನಲ್ಲ. ಅನಾಫೇಸಿನಲ್ಲಿ, ಅಂದರೆ ಕ್ರೋಮೋಸೋಮುಗಳು ಎರಡು ಕಡೆಗೆ ಸರಿಯುವ ಹಂತದಲ್ಲಿ, ಬೇರೆಯಾಗಬೇಕಿದ್ದ ಜೋಡಿ ಬೇರೆಯಾಗದೆ ಎರಡೂ ಒಂದೇ ಕಡೆ ಹೋಗುವ ಒಂದೇ ಒಂದು ಚಿತ್ರ ಹಾಕಿದ್ದರೆ ಸಾಕಿತ್ತು. ಈ ಪಾಠ ಮಾಡುವಾಗೆಲ್ಲ ಯಾರಾದರೂ ಒಬ್ಬರು ತರಗತಿ ಮುಗಿದ ಮೇಲೆ ಮೆಲ್ಲನೆ ಬಂದು, ಬಸುರಿಯಲ್ಲಿ ಗ್ರಹಣ ನೋಡಿದ್ದಕ್ಕೆ ಮಗುವಿಗೆ ಹೀಗಾಗುತ್ತದಂತೆ ಹೌದಾ ಎಂದು ಕೇಳುತ್ತಾರೆ. ಮನೆಯಲ್ಲಿ ಯಾರನ್ನೋ ದೂರಿದ ಮಾತು ಆ ಪ್ರಶ್ನೆಯ ಹಿಂದೆ ಇರುತ್ತದೆ. ಹೆಣ್ಣು ಹುಟ್ಟುವ ಮೊದಲೇ ಅವಳ ಅಂಡಕೋಶಗಳು ಮಿಯಾಸಿಸ್ ಶುರು ಮಾಡಿ ಮೊದಲ ಹಂತದಲ್ಲೇ ನಿಂತುಬಿಡುತ್ತವೆ. ಮುಂದಿನ ಹೆಜ್ಜೆ ಇಡುವುದು ಆ ಅಂಡ ಬಲಿತು ಹೊರಬರುವ ತಿಂಗಳು. ಮೂವತ್ತೈದು ವರ್ಷ ಹಾಗೇ ಕಾದ ಜೋಡಿಯನ್ನು ಹಿಡಿದಿಟ್ಟ ಪ್ರೋಟೀನುಗಳು ಸಡಿಲವಾಗುತ್ತವೆ. ಡೌನ್ ಸಿಂಡ್ರೋಮ್ ಇರುವ ಮಗು ತಾಯಿಗೆ 35 ಆದಾಗ ಸುಮಾರು 350 ಹೆರಿಗೆಗೆ ಒಂದು, 40 ಆದಾಗ ಸುಮಾರು 100ಕ್ಕೆ ಒಂದು ಎನ್ನುವ ಲೆಕ್ಕದ ಹಿಂದೆ ಮುಖ್ಯವಾಗಿ ಇರುವುದು ಇದು. ಅವಳು ತಿಂದದ್ದು, ನೋಡಿದ್ದು, ಗ್ರಹಣದಲ್ಲಿ ಹೊರಗೆ ಬಂದದ್ದು ಯಾವುದೂ ಕಾರಣವಲ್ಲ. ಇದನ್ನು ಕಾರ್ಡಿನ ಹಿಂದೆ ನಾಲ್ಕು ಸಾಲಿನಲ್ಲಿ ಬರೆಯಬಹುದಿತ್ತು. ಬರೆದಿರುವುದು ಲಕ್ಷಣಗಳ ಪಟ್ಟಿ, ಅದೂ ಓದಿದರೆ ಮನಸ್ಸಿಗೆ ಕಸಿವಿಸಿಯಾಗುವ ಹಳೇ ಧಾಟಿಯಲ್ಲಿ.

ಹೆಣ್ಣಿಗೆ ಎಕ್ಸ್ ಒಂದೇ ಇರುವ ಟರ್ನರ್, ಗಂಡಿಗೆ ಒಂದು ಎಕ್ಸ್ ಹೆಚ್ಚಿರುವ ಕ್ಲೈನ್‌ಫೆಲ್ಟರ್ ಕಾರ್ಡುಗಳು ಪರವಾಗಿಲ್ಲ. 9 ಮತ್ತು 22ನೆಯ ಕ್ರೋಮೋಸೋಮುಗಳ ತುಂಡು ಅದಲುಬದಲಾದ ಫಿಲಡೆಲ್ಫಿಯಾ ಕ್ರೋಮೋಸೋಮಿನ ಕಾರ್ಡು ಒಂದು ಚೊಕ್ಕವಾಗಿದೆ, ಅದು ರಕ್ತದ ಕ್ಯಾನ್ಸರಿನದು, ಮಕ್ಕಳಿಗೆ ದಾಟುವುದಲ್ಲ ಎಂದೂ ಸ್ಪಷ್ಟವಾಗಿ ಬರೆದಿದ್ದಾರೆ.

ಅಸಹಜ ವಿಭಜನೆಗೆ ನಾನೀಗ ಕಾರ್ಡು ಬಿಟ್ಟು ನಮ್ಮೂರ ಸರಕನ್ನೇ ಹಿಡಿದಿದ್ದೇನೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದಂದು ಕೋವಿಯ ಬಾಯಿಗೆ ಸಿಕ್ಕಿಸುವ ತೋಕ್ ಪೂ (ಗೌರಿ ಹೂ) ಇಲ್ಲಿ ಎಲ್ಲರಿಗೂ ಗೊತ್ತು. ಆ ಬಳ್ಳಿಯಲ್ಲಿ ಕಾಲ್ಚಿಸಿನ್ ಎಂಬ ವಿಷ ಇದೆ. ಕ್ರೋಮೋಸೋಮುಗಳನ್ನು ಎಳೆದೊಯ್ಯುವ ಸ್ಪಿಂಡಲ್ ಎಳೆಗಳು ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ. ಕ್ರೋಮೋಸೋಮುಗಳು ದುಪ್ಪಟ್ಟಾಗಿ ಸಜ್ಜಾಗಿದ್ದರೂ ಎಳೆದೊಯ್ಯುವವರಿಲ್ಲದೆ ಮೆಟಾಫೇಸ್ ಎಂಬ ನಡುಹಂತದಲ್ಲೇ ನಿಲ್ಲುತ್ತವೆ. 1956ರಲ್ಲಿ ಟಿಯೊ ಮತ್ತು ಲೆವಾನ್ ಎಂಬ ವಿಜ್ಞಾನಿಗಳು ಮನುಷ್ಯನಿಗೆ 48 ಅಲ್ಲ, 46 ಎಂದು ಎಣಿಸಿದ್ದು ಕೂಡ ಕಾಲ್ಚಿಸಿನ್ ಹಾಕಿ ನಿಲ್ಲಿಸಿದ ಕೋಶಗಳಲ್ಲಿ. ಹೂ ತೋರಿಸಿ, ಗೆಡ್ಡೆ ಮುಟ್ಟಲು ಬಿಡಬೇಡಿ, ಅದು ಘೋರ ವಿಷ.

ಆಮೇಲೆ ಕಾಫಿ. ರೋಬಸ್ಟಾಕ್ಕೆ 22 ಕ್ರೋಮೋಸೋಮು, ಅರೇಬಿಕಾಕ್ಕೆ 44. ರೋಬಸ್ಟಾದ ಪೂರ್ವಜರೂ ಯೂಜೀನಿಯೋಯ್ಡಿಸ್ ಎಂಬ ಇನ್ನೊಂದು ಕಾಡುಜಾತಿಯೂ ಸೇರಿ, ಸಂಖ್ಯೆ ಅರ್ಧವಾಗದೆ ಉಳಿದುಹೋಗಿ ಹುಟ್ಟಿದ್ದು ಅರೇಬಿಕಾ. ಅಂದರೆ ಅಸಹಜ ಎಂದು ಪೆಟ್ಟಿಗೆಯವರು ಹಣೆಪಟ್ಟಿ ಹಚ್ಚುವಂಥದ್ದೇ ಒಂದು ಘಟನೆ ನಮ್ಮ ತೋಟಗಳಿಗೆ ಅನ್ನ ಹಾಕಿದೆ. ಅದೇ 44ರ ಗಿಡಕ್ಕೆ 22ರ ಗಿಡದ ಪರಾಗ ಸೇರಿದರೆ ಸಾಮಾನ್ಯವಾಗಿ ಬರುವುದು 33. ಅವು ಮಿಯಾಸಿಸ್‌ನಲ್ಲಿ ಸರಿಯಾಗಿ ಜೋಡಿಯಾಗಲಾರವು, ಹಾಗಾಗಿ ಗಿಡ ಬಹುಪಾಲು ಬಂಜೆ. ತೋಟದ ಮಕ್ಕಳಿಗೆ ಇದನ್ನು ಹೇಳಿದರೆ ಮನೆಗೆ ಹೋಗಿ ಅಪ್ಪನಿಗೂ ಹೇಳುತ್ತಾರೆ. ಕ್ರೋಮೋಸೋಮುಗಳ ಎರಡರ ಬದಲು ಮೂರು ಸೆಟ್ ಇರುವ ನೇಂದ್ರ ಬಾಳೆಗೆ ಬೀಜ ಯಾಕಿಲ್ಲ ಎನ್ನುವುದೂ ಅದರ ಜೊತೆಗೇ ಬಂದುಹೋಗುತ್ತದೆ.

ಕೊಡಗಿನವರು ಕೊಳ್ಳುವುದಾದರೆ ಒಂದು ಮಾತು. ಪೆಟ್ಟಿಗೆ ಮರದ್ದು. ಕಕ್ಕಡದ (ಆಟಿ ತಿಂಗಳ) ಮಳೆಗೆ ಮರ ಉಬ್ಬಿ ಸ್ಲೈಡುಗಳು ಸೀಳುಗಳಲ್ಲಿ ಸಿಕ್ಕಿಕೊಂಡವು, ಎಳೆಯುವಾಗ ಒಂದರ ಅಂಚು ಮುರಿಯಿತು. ಅಂಟು ಬಿಟ್ಟ ಲೇಬಲ್ಲುಗಳು ಪೆಟ್ಟಿಗೆಯ ತಳ ಸೇರಿದವು. ಬಂದ ದಿನವೇ ಗಾಜಿನ ಮೂಲೆಯಲ್ಲಿ ವಜ್ರದ ಮೊನೆಯ ಪೆನ್ನಿನಿಂದ ಸಂಖ್ಯೆ ಕೊರೆದು, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮೈಕ್ರೋಸ್ಕೋಪಿನ ಲೆನ್ಸುಗಳೂ ಅದೇ ಡಬ್ಬಿಯಲ್ಲಿದ್ದರೆ ಬೂಷ್ಟು ಹಿಡಿಯುವುದಿಲ್ಲ.

ತಪ್ಪು ಕಾರ್ಡಿನ ಬಗ್ಗೆ ಮಾರಾಟಗಾರರಿಗೆ ಬರೆದೆ. ಬದಲಿ ಕಳಿಸುತ್ತೇವೆ ಎಂದರು, ಇದನ್ನು ಬರೆಯುವವರೆಗೆ ಬಂದಿಲ್ಲ. ಸ್ಲೈಡುಗಳನ್ನು ಬಿಡಿಯಾಗಿ ಕೊಡುತ್ತೀರಾ ಎಂದು ಕೇಳಿದ್ದಕ್ಕೆ ಮಾತ್ರ ಕೂಡಲೇ ಹೌದು ಎಂಬ ಉತ್ತರ ಬಂತು. ಮಿಡತೆ ಮತ್ತು ಲಿಲ್ಲಿಯ ಸ್ಲೈಡುಗಳನ್ನಷ್ಟೇ ಕೇಳಿ ತರಿಸಿಕೊಳ್ಳಿ.