ಹಿನ್ನೆಲೆಗೆ ಬಣ್ಣ ಹಚ್ಚುವ ಒಂದೇ ಸಾಲು: ಪೈನ್ ಸ್ಕ್ರಿಪ್ಟಿನ ಬಿಜಿಕಲರ್ ವಿಮರ್ಶೆ

ಬೆಲೆ 200 ಬಾರ್‌ಗಳ (ಚಾರ್ಟಿನಲ್ಲಿ ಒಂದೊಂದು ಅವಧಿಗೆ ಒಂದೊಂದು ಕಡ್ಡಿ) ಸರಾಸರಿಗಿಂತ ಮೇಲಿದ್ದರೆ ಚಾರ್ಟಿನ ಹಿನ್ನೆಲೆ ತಿಳಿಹಸಿರು, ಕೆಳಗಿದ್ದರೆ ತಿಳಿಗೆಂಪು. ಇಷ್ಟು ಸಣ್ಣ ಕೆಲಸಕ್ಕೆ ಬೇರೆ ಹಲವು ಸಾಫ್ಟ್‌ವೇರ್‌ಗಳಲ್ಲಿ ಸುತ್ತಿ ಬಳಸಿ ಹೋಗಬೇಕು. ಚಾರ್ಟ್ ತಾಣ ಟ್ರೇಡಿಂಗ್‌ವ್ಯೂನ ಸ್ವಂತ ಕೋಡ್ ಭಾಷೆಯಾದ ಪೈನ್ ಸ್ಕ್ರಿಪ್ಟಿನಲ್ಲಿ ಬಿಜಿಕಲರ್ ಎಂಬ ಒಂದು ಫಂಕ್ಷನ್ ಸಾಕು: ಷರತ್ತು, ಪ್ರಶ್ನಾರ್ಥಕ ಚಿಹ್ನೆ, ಒಂದು ಬಣ್ಣ, ಕೋಲನ್, ಇನ್ನೊಂದು ಬಣ್ಣ. ಬಣ್ಣವೇ ಬೇಡವಾದ ಕಡೆ 'ಎನ್‌ಎ' (ಮೌಲ್ಯವಿಲ್ಲ) ಎಂದು ಬರೆದರೆ ಆ ಬಾರ್ ಖಾಲಿ ಉಳಿಯುತ್ತದೆ.

ಬಣ್ಣದ ಗಾಢತೆಗೆ ಕಲರ್.ನ್ಯೂ ಬಳಸಬೇಕು. ಇದರ ಎರಡನೇ ಸಂಖ್ಯೆ ಪಾರದರ್ಶಕತೆ. 0 ಎಂದರೆ ಗಟ್ಟಿ ಬಣ್ಣ, 100 ಎಂದರೆ ಕಾಣುವುದೇ ಇಲ್ಲ. 85ರಿಂದ 92ರ ನಡುವೆ ಇಟ್ಟರೆ ಕ್ಯಾಂಡಲ್‌ಗಳು ಮಸುಕಾಗುವುದಿಲ್ಲ. 4ನೇ ಆವೃತ್ತಿಯ ಹಳೆಯ ಸ್ಕ್ರಿಪ್ಟುಗಳಲ್ಲಿ ಪಾರದರ್ಶಕತೆಯನ್ನು ಬಿಜಿಕಲರ್ ಒಳಗೇ 'ಟ್ರಾನ್ಸ್‌ಪ್' ಎಂದು ಕೊಡುತ್ತಿದ್ದರು. ಅದನ್ನು ಈಗಿನ ಆವೃತ್ತಿಗೆ ಹಾಗೇ ಅಂಟಿಸಿದರೆ ಕಂಪೈಲ್ ಆಗದು. ಬಿಜಿಕಲರ್ ಅನ್ನು ಇಫ್ ಬ್ಲಾಕಿನೊಳಗೆ ಇಟ್ಟರೂ ದೋಷ ಬರುತ್ತದೆ, ಏಕೆಂದರೆ ಅದು ಸ್ಕ್ರಿಪ್ಟಿನ ಹೊರ ಮಟ್ಟದಲ್ಲೇ ಇರಬೇಕು. ಮೂರು ನಾಲ್ಕು ಷರತ್ತುಗಳಿದ್ದರೆ ಇಫ್ ಅಥವಾ ಸ್ವಿಚ್‌ನಲ್ಲಿ ಬಣ್ಣವನ್ನಷ್ಟೇ ನಿರ್ಧರಿಸಿ ಒಂದು ವೇರಿಯಬಲ್‌ಗೆ ಹಾಕಿ, ಕೊನೆಗೆ ಒಮ್ಮೆ ಮಾತ್ರ ಬಿಜಿಕಲರ್ ಕರೆಯಿರಿ. ಬೇರೆ ಬೇರೆ ಕರೆಗಳನ್ನು ಮಾಡಿದರೆ ಪದರಗಳು ಒಂದರ ಮೇಲೊಂದು ಬಿದ್ದು, ಹಸಿರು ಕೆಂಪು ಸೇರಿ ಯಾರಿಗೂ ಅರ್ಥವಾಗದ ಕಂದು ಹುಟ್ಟುತ್ತದೆ.

ನಿಜವಾದ ಪೆಟ್ಟು ಬೀಳುವುದು ಬೇರೆ ಮೂರು ಕಡೆ, ಅಲ್ಲಿ ದೋಷದ ಸಂದೇಶವೂ ಬರುವುದಿಲ್ಲ.

ಚಾರ್ಟಿನ ಮೊದಲ 199 ಬಾರ್‌ಗಳಲ್ಲಿ 200ರ ಸರಾಸರಿಗೆ ಮೌಲ್ಯವೇ ಇರುವುದಿಲ್ಲ. ಇಲ್ಲದ ಮೌಲ್ಯದೊಂದಿಗೆ ಹೋಲಿಸಿದರೆ ಪೈನ್ 'ಸುಳ್ಳು' ಎನ್ನುತ್ತದೆ, ಆದ್ದರಿಂದ ಎರಡೇ ಬಣ್ಣದ ಸ್ಕ್ರಿಪ್ಟು ಆ ಭಾಗವನ್ನೆಲ್ಲ ಕೆಂಪು ಮಾಡಿಬಿಡುತ್ತದೆ. ಹೊಸದಾಗಿ ಲಿಸ್ಟ್ ಆದ ಷೇರಿನಲ್ಲಿ ಇದು ಕುಸಿತದಂತೆ ಕಾಣುತ್ತದೆ. ಸರಾಸರಿ ಎನ್‌ಎ ಆಗಿದೆಯೇ ಎಂದು ಮೊದಲು ನೋಡಿ, ಆಗಿದ್ದರೆ ಬಣ್ಣ ಬಿಡಿ.

ಎರಡನೆಯದು ನಡೆಯುತ್ತಿರುವ ಬಾರ್. ಅದು ಮುಗಿಯುವವರೆಗೆ ಪ್ರತಿ ಟಿಕ್‌ಗೂ, ಅಂದರೆ ಬೆಲೆ ಬದಲಾದಾಗಲೆಲ್ಲ, ಷರತ್ತು ಮತ್ತೆ ಲೆಕ್ಕವಾಗುತ್ತದೆ. ಹಸಿರು ಬಂದು, ಹೋಗಿ, ಮತ್ತೆ ಬರಬಹುದು. ಎರಡೂ ಬಣ್ಣಗಳ ಷರತ್ತಿಗೆ ಬಾರ್‌ಸ್ಟೇಟ್.ಈಸ್‌ಕನ್‌ಫರ್ಮ್ಡ್ ಸೇರಿಸಿದರೆ ಬಾರ್ ಮುಚ್ಚಿದ ಮೇಲೆಯೇ ಬಣ್ಣ ಬೀಳುತ್ತದೆ. ತಡವಾಗುತ್ತದೆ ನಿಜ, ಆದರೆ ಬಿದ್ದ ಬಣ್ಣ ಅಳಿಯುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. 5 ನಿಮಿಷದ ಚಾರ್ಟಿಗೆ ದಿನದ ಟ್ರೆಂಡನ್ನು, ಬೇರೆ ಅವಧಿಯ ಡೇಟಾ ತರುವ ರಿಕ್ವೆಸ್ಟ್.ಸೆಕ್ಯುರಿಟಿಯಿಂದ ತಂದು ಹಿನ್ನೆಲೆ ಹಚ್ಚಿದಾಗ, ಲೈವ್‌ನಲ್ಲಿ ದಿನವಿಡೀ ಬದಲಾಗುತ್ತಿದ್ದ ಬಣ್ಣ ಚಾರ್ಟನ್ನು ರೀಲೋಡ್ ಮಾಡಿದ ಮೇಲೆ ಬೇರೆಯೇ ಆಗಿ ಕಾಣುತ್ತದೆ. ಹಿಂದಿನ, ಮುಗಿದ ದಿನದ ಮೌಲ್ಯವನ್ನು ಮಾತ್ರ ಕೇಳುವುದು ಪರಿಹಾರ: ಕೇಳುವ ಅಭಿವ್ಯಕ್ತಿಗೆ ಚೌಕ ಆವರಣದಲ್ಲಿ 1 ಹಾಕಿ, ಲುಕ್‌ಅಹೆಡ್ (ದೊಡ್ಡ ಅವಧಿಯ ಮೌಲ್ಯವನ್ನು ಅದರ ಆರಂಭದಿಂದಲೇ ಕೊಡುವ ಆಯ್ಕೆ) ಆನ್ ಮಾಡಿ. ಎರಡೂ ಜೊತೆಗೇ ಇರಬೇಕು. 1 ಇಲ್ಲದೆ ಲುಕ್‌ಅಹೆಡ್ ಮಾತ್ರ ಆನ್ ಆದರೆ ಹಳೆಯ ಬಾರ್‌ಗಳಿಗೆ ಭವಿಷ್ಯದ ಬೆಲೆ ಸೋರುತ್ತದೆ. ಆಗ ಚಾರ್ಟು ಅದ್ಭುತವಾಗಿ ಕಾಣುತ್ತದೆ, ಅದೇ ಅಪಾಯ.

ಆರ್‌ಎಸ್‌ಐ ಸೂಚಕದಂತೆ ಚಾರ್ಟಿನ ಕೆಳಗಿನ ಪ್ರತ್ಯೇಕ ಭಾಗದಲ್ಲಿ (ಪೇನ್) ಓಡುವ ಸ್ಕ್ರಿಪ್ಟು ತನ್ನ ಪೇನಿಗಷ್ಟೇ ಬಣ್ಣ ಹಚ್ಚುತ್ತದೆ. ಮುಖ್ಯ ಚಾರ್ಟಿಗೂ ಬೇಕಿದ್ದರೆ ಫೋರ್ಸ್_ಓವರ್‌ಲೇ ಟ್ರೂ ಎಂದು ಕೊಟ್ಟ ಇನ್ನೊಂದು ಬಿಜಿಕಲರ್ ಕರೆ ಸೇರಿಸಬೇಕು. ಒಂದು ಸ್ಕ್ರಿಪ್ಟಿಗೆ ಇರುವ 64 ಪ್ಲಾಟ್‌ಗಳ ಮಿತಿಯಲ್ಲಿ ಈ ಕರೆಗಳೂ ಸೇರುತ್ತವೆ, ಸಾಮಾನ್ಯ ಬಳಕೆಯಲ್ಲಿ ಅದು ತೊಡಕಾಗದು.

ಬೇರೆಯವುಗಳ ಜೊತೆ ಇಟ್ಟು ನೋಡಿದರೆ, ಸಿ ಶಾರ್ಪ್ ಭಾಷೆಯಲ್ಲಿ ಕೋಡ್ ಬರೆಯುವ ನಿಂಜಾಟ್ರೇಡರ್ 8 ಪೈಪೋಟಿಗೆ ಬರುತ್ತದೆ. ಅದರಲ್ಲಿ ಹಿನ್ನೆಲೆ ಬಣ್ಣಕ್ಕೆ ಬ್ಯಾಕ್‌ಬ್ರಷ್ ಒಂದು ಪ್ಯಾನೆಲ್‌ಗೆ, ಬ್ಯಾಕ್‌ಬ್ರಷ್‌ಆಲ್ ಎಲ್ಲ ಪ್ಯಾನೆಲ್‌ಗಳಿಗೆ. ಆದರೆ ಪಾರದರ್ಶಕ ಬಣ್ಣ ಬೇಕೆಂದರೆ ಬ್ರಷ್ಷನ್ನು ಕ್ಲೋನ್ ಮಾಡಿ, ಒಪಾಸಿಟಿ ಕೊಟ್ಟು, ಮತ್ತೆ ಬದಲಾಗದಂತೆ ಫ್ರೀಜ್ ಮಾಡಬೇಕು. ಫ್ರೀಜ್ ಮರೆತರೆ ಥ್ರೆಡ್ ದೋಷ. ಆಮಿಬ್ರೋಕರ್‌ನಲ್ಲಿ ಹಿನ್ನೆಲೆಯ ಹೆಸರಿನ ಫಂಕ್ಷನ್ ಇಡೀ ಚಾರ್ಟಿಗೇ ಬಣ್ಣ ಬಳಿಯುತ್ತದೆ. ಬಾರ್‌ನಿಂದ ಬಾರ್‌ಗೆ ಬದಲಾಗಬೇಕಿದ್ದರೆ 1ರ ಎತ್ತರದ ಏರಿಯಾ ಪ್ಲಾಟನ್ನು ಸ್ವಂತ ಸ್ಕೇಲ್‌ನಲ್ಲಿ, 0ಯಿಂದ 1ರ ಮಿತಿಯಲ್ಲಿ, ಜೆಡ್-ಆರ್ಡರ್ (ಪದರದ ಕ್ರಮ) ಮೈನಸ್ 1 ಇಟ್ಟು ಹಾಕಬೇಕು. ಮೆಟಾಟ್ರೇಡರ್ 5ರದ್ದು ಇದಕ್ಕಿಂತ ತ್ರಾಸ: ಬಣ್ಣ ಬದಲಾಗುವ ಪ್ರತಿ ಅವಧಿಗೂ ಒಂದೊಂದು ಆಯತ ಬರೆದು, ಬಣ್ಣ ತುಂಬಿ, ಹಿಂದಕ್ಕೆ ತಳ್ಳಬೇಕು, ಬೇಡವಾದಾಗ ಅಳಿಸುವ ಕೋಡನ್ನೂ ನೀವೇ ಬರೆಯಬೇಕು. ಆ ಆಯತಗಳಿಗೆ ಪಾರದರ್ಶಕತೆಯೂ ಇಲ್ಲ, ಮೊದಲೇ ಮಾಸಲು ಬಣ್ಣವನ್ನೇ ಆರಿಸಿಕೊಳ್ಳಬೇಕು.

ಬರೀ ಹಿನ್ನೆಲೆ ಬಣ್ಣಕ್ಕಾಗಿ ಸಾಫ್ಟ್‌ವೇರ್ ಆರಿಸುವುದಾದರೆ ಪೈನ್‌ಗೇ ನಮ್ಮ ಓಟು. ಸಿ ಶಾರ್ಪ್ ಬಲ್ಲವರು, ಆರ್ಡರುಗಳನ್ನೂ ಅದೇ ಕೋಡಿನಿಂದ ಕಳಿಸುವವರು ನಿಂಜಾಟ್ರೇಡರ್‌ನಲ್ಲೇ ಇರುವುದು ಒಳಿತು.